ಇಬ್ಬರಿಗೂ ಬಿಸಿ ರೊಟ್ಟಿ

ಭಾನುವಾರ ಹೊತ್ತು ಸ್ವಲ್ಪ ಏರಿತೆಂದರೆ ನನ್ನ ಕಾಲು ಈಗಲೂ ತಾನಾಗಿ ಚಪ್ಪಲಿ ಹುಡುಕುತ್ತದೆ. ಅಲ್ಲಿ ನನಗಾಗಿ ಕಾಯುವವರು ಯಾರೂ ಇಲ್ಲ ಎಂದು ತಲೆಗೆ ಗೊತ್ತು. ಆದರೆ ಕಾಲಿಗೆ ಯಾರು ಹೇಳಬೇಕು? ಅದು ತನ್ನ ಪಾಡಿಗೆ ಗೇಟು ದಾಟಿ ಎಡಕ್ಕೆ ತಿರುಗುತ್ತದೆ.

ತುಮಕೂರಿನ ಮರಳೂರಿನಲ್ಲಿ ನಮ್ಮ ರಸ್ತೆಯ ಕೊನೆಗೆ ಒಂದು ಹಳೆಯ ಮನೆಯನ್ನೇ ಕೆಫೆ ಮಾಡಿದ್ದಾರೆ. ಮುಂದಿನ ಅಂಗಳದಲ್ಲಿ ಸೀಬೆ ಮರ, ಅದರ ಕೆಳಗೆ ನಾಲ್ಕೈದು ಮೇಜು, ಕಾಂಪೌಂಡಿನ ಉದ್ದಕ್ಕೂ ಬಣ್ಣ ಬಳಿದ ಎಣ್ಣೆ ಡಬ್ಬಗಳಲ್ಲಿ ದೊಡ್ಡಪತ್ರೆ, ತುಳಸಿ, ಯಾವುದೋ ಹೆಸರು ಗೊತ್ತಿಲ್ಲದ ಶೋಕಿ ಗಿಡ. ನಡೆಸುವವರು ಗಂಡ ಹೆಂಡತಿ. ಗಂಡ ಕ್ಯಾಷಿನಲ್ಲಿ ಕೂರುತ್ತಾನೆ, ಹೆಂಡತಿ ಒಲೆಯ ಮುಂದೆ ನಿಲ್ಲುತ್ತಾಳೆ. ವಾರವೆಲ್ಲ ತಟ್ಟೆ ಇಡ್ಲಿ, ಚಿತ್ರಾನ್ನ ಮಾಮೂಲು. ಭಾನುವಾರ ಮಾತ್ರ ಹೊತ್ತೇರಿದ ಮೇಲೆ ಅಕ್ಕಿ ರೊಟ್ಟಿ, ಬೆಣ್ಣೆ, ಹುಚ್ಚೆಳ್ಳು ಚಟ್ನಿ, ಆಮೇಲೆ ಒಂದು ಕಾಫಿ. ಅದಕ್ಕೆಂದು ಗೇಟಿನ ಪಕ್ಕ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಸಂಡೇ ಬ್ರಂಚ್’ ಎಂದು ಬರೆದು ನಿಲ್ಲಿಸುತ್ತಾರೆ.

ಅಕ್ಕ ಆ ಹಲಗೆಯನ್ನು ಮೊದಲ ಸಲ ನೋಡಿದಾಗ ಅದೇನೆಂದು ಕೇಳಿದರು. ಬೆಳಗಿನ ತಿಂಡಿಯೂ ಅಲ್ಲ, ಮಧ್ಯಾಹ್ನದ ಊಟವೂ ಅಲ್ಲ, ಎರಡಕ್ಕೂ ನಡುವೆ ನಿಧಾನವಾಗಿ ಕೂತು ತಿನ್ನುವುದು, ದೊಡ್ಡ ಊರುಗಳಲ್ಲಿ ಈಗ ಇದೇ ಫ್ಯಾಷನ್ ಎಂದು ನಾನು ಬುದ್ಧಿವಂತೆಯ ಹಾಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಉಂಬೊತ್ತು ಅನ್ನು. ಅಷ್ಟಕ್ಕೆ ಇಷ್ಟುದ್ದ ಸುತ್ತಾಕ್ತೀಯಲ್ಲೇ.”

ಹೊಲಗದ್ದೆಯ ಜನ ಬೆಳಗಿನ ಕೆಲಸ ಮುಗಿಸಿ ಬದುವಿನ ಮೇಲೆ ಕೂತು ಉಣ್ಣುವ ಹೊತ್ತಿಗೆ ನಮ್ಮ ಕಡೆ ಉಂಬೊತ್ತು ಎನ್ನುತ್ತಾರೆ. ಅಂದಿನಿಂದ ನಾವಿಬ್ಬರೂ ಆ ಕೆಫೆಗೆ ಹೋಗುವುದನ್ನು ಉಂಬೊತ್ತಿಗೆ ಹೋಗುವುದು ಎಂದೇ ಕರೆದೆವು.

ಅವರನ್ನು ಅಕ್ಕ ಎನ್ನುತ್ತಿದ್ದವಳು ನಾನೊಬ್ಬಳೇ ಅಲ್ಲ. ಗುಬ್ಬಿಯ ನಮ್ಮ ಕಚೇರಿಯಲ್ಲಿ ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ಅವರು ಅಕ್ಕನೇ. ಅವರಿಗಿಂತ ಹಿರಿಯರೊಬ್ಬರು ಸೂಪರಿಂಟೆಂಡೆಂಟ್ ಆಗಿ ಬಂದರು. ಅವರೂ ವಾರದೊಳಗೆ ‘ಏನಕ್ಕಾ’ ಎನ್ನತೊಡಗಿದರು. ಅಕ್ಕನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಇಲ್ಲಿಯೂ ಅದು ಬೇಡ.

ನಾನು ಆ ಕಚೇರಿಗೆ ಹೊಸದಾಗಿ ಸೇರಿದಾಗ ಇಬ್ಬರೂ ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಗುಬ್ಬಿಗೆ ಹೋಗುತ್ತಿದ್ದೆವು. ಆ ಬೋಗಿಯಲ್ಲಿ ಹೆಂಗಸರದ್ದೊಂದು ಸಂಸಾರವೇ ಇತ್ತು. ಟೀಚರುಗಳು, ನರ್ಸುಗಳು, ಬ್ಯಾಂಕಿನವರು. ರೈಲು ಹೊರಟಿತೆಂದರೆ ಡಬ್ಬಿಗಳು ಬಿಚ್ಚಿಕೊಳ್ಳುತ್ತಿದ್ದವು, ಒಬ್ಬರ ಪುಳಿಯೋಗರೆ ಇನ್ನೊಬ್ಬರ ಚಪಾತಿ ಅದಲುಬದಲು. ಅಕ್ಕ ಮಾತ್ರ ಡಬ್ಬಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ನಸುಕಿಗೆ ಎದ್ದು ಸ್ನಾನ, ಗಂಡ ಮತ್ತು ಅತ್ತೆಗೆ ಅಡುಗೆ. ಗಂಡನ ಲಿಂಗಪೂಜೆ ಮುಗಿದ ಕೂಡಲೇ ಅವರಿಗೆ ಬಿಸಿಬಿಸಿ ಬಡಿಸಬೇಕು. ಆಮೇಲೆ ಅತ್ತೆಗೆ. ಅಷ್ಟು ಹೊತ್ತಿಗೆ ರೈಲಿನ ಹೊತ್ತಾಗುತ್ತಿತ್ತು. ತಮ್ಮ ಪೂಜೆಯನ್ನು ಅವರು ಕಚೇರಿಗೆ ಬಂದ ಮೇಲೆ ಹಿಂದಿನ ರೂಮಿನಲ್ಲಿ ಕೈಕಾಲು ತೊಳೆದು ಮಾಡಿಕೊಳ್ಳುತ್ತಿದ್ದರು. ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಗೋಡೆಗೆ ಮುಖ ಮಾಡಿ. ಪೂಜೆ ಆಗದೆ ಬಾಯಿಗೆ ಒಂದು ಹನಿ ನೀರೂ ಇಲ್ಲ.

ಹೀಗಾಗಿ ಅವರ ಮೊದಲ ತುತ್ತು ಬೀಳುತ್ತಿದ್ದುದು ನಾವೆಲ್ಲ ಟೀಗೆ ಎದ್ದು ಹೋಗುವ ಹೊತ್ತಿನಲ್ಲಿ. ಬೆಳಿಗ್ಗೆ ಮಾಡಿದ ರೊಟ್ಟಿ ಅಷ್ಟು ಹೊತ್ತಿಗೆ ಚರ್ಮದ ಹಾಗಾಗಿರುತ್ತಿತ್ತು. ಅದನ್ನು ಹರಿದು, ಚಟ್ನಿಯಲ್ಲಿ ಅದ್ದಿ, ನಿಧಾನವಾಗಿ ಅಗಿದು ತಿನ್ನುತ್ತಿದ್ದರು. ಒಂದು ಸಲ ಹೊಸ ಸಾಹೇಬರು ಅದೇ ಹೊತ್ತಿಗೆ ಮೀಟಿಂಗ್ ಕರೆದರು. ಅಕ್ಕ ಮೀಟಿಂಗಿಗೆ ಡಬ್ಬಿ ಸಮೇತ ಬಂದು ಕೂತರು. ಮುಚ್ಚಳ ತೆಗೆದ ಶಬ್ದಕ್ಕೆ ಸಾಹೇಬರು ಮಾತು ನಿಲ್ಲಿಸಿ ನೋಡಿದರು.

“ನೀವು ಮಾತಾಡಿ ಸಾರ್,” ಎಂದರು ಅಕ್ಕ. “ನಾನೇನು ಕಿವೀಲಿ ಉಣ್ಣಲ್ಲ.”

ಸಾಹೇಬರು ಮಾತಾಡಿದರು. ಮರುದಿನದಿಂದ ಮೀಟಿಂಗುಗಳು ಮಧ್ಯಾಹ್ನಕ್ಕೆ ಹೋದವು.

ಇಷ್ಟು ಕೇಳಿ ಅಕ್ಕ ಗಟ್ಟಿಗಿತ್ತಿ ಎಂದು ಯಾರಾದರೂ ತಿಳಿದರೆ ಅದು ಅರ್ಧ ಸತ್ಯ. ಕಚೇರಿಯಲ್ಲಿ ಹುಲಿ. ಮನೆಯ ಹೊಸಿಲು ದಾಟಿದರೆ ಸೆರಗು ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಕೈ ತಾನಾಗಿ ಸೌಟು ಹಿಡಿಯುತ್ತಿತ್ತು. ಅವರ ಯಜಮಾನರು ಹಾಗಲವಾಡಿ ಕಡೆಯವರು, ಗುಬ್ಬಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಮಠದ ಭಕ್ತರು, ದೀಕ್ಷೆ ಪಡೆದವರು. ಕೆಟ್ಟ ಮನುಷ್ಯರಲ್ಲ. ಕೂಗಾಡಿದವರಲ್ಲ, ಹೆಂಡತಿಯ ಸಂಬಳಕ್ಕೆ ಕೈ ಚಾಚಿದವರಲ್ಲ. ಉಣ್ಣುವಾಗ ಮಾತಾಡುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ, ಅಷ್ಟೇ. ಊಟವೆಂದರೆ ಪ್ರಸಾದ, ಅದರ ಮುಂದೆ ಬೇರೆ ಮಾತೇನು ಎನ್ನುವುದು ಅವರ ನಂಬಿಕೆ. ತಟ್ಟೆಯಲ್ಲಿ ಏನು ಖಾಲಿಯಾಗಿದೆ ಎಂದು ನೋಡಿ ಹಾಕುವುದು ಹೆಂಡತಿಯ ಕೆಲಸ. ಅಕ್ಕ ಪಕ್ಕದಲ್ಲಿ ನಿಂತಿರುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ನಿಂತಿದ್ದರು.

ಅಕ್ಕ ನಿವೃತ್ತರಾದ ಮೇಲೆ, ಅತ್ತೆಯೂ ತೀರಿಹೋದ ಮೇಲೆ, ಯಜಮಾನರು ಅಂಗಡಿ ಮುಚ್ಚಿ ಮನೆಯಲ್ಲೇ ಉಳಿದರು. ನಾನು ಅಷ್ಟರಲ್ಲಿ ತುಮಕೂರಿಗೆ ವರ್ಗವಾಗಿದ್ದೆ, ಮರಳೂರಿನಲ್ಲಿ ಅವರ ಹಿಂದಿನ ಬೀದಿಯಲ್ಲೇ ಮನೆ ಹಿಡಿದಿದ್ದೆ. ಒಂದು ಭಾನುವಾರ ಅವರಾಗಿಯೇ ಬಂದು ಬಾಗಿಲು ತಟ್ಟಿ, ಯಜಮಾನರಿಗೆ ಬಡಿಸಿಯಾಯಿತು, ನನ್ನ ಪೂಜೆಯೂ ಆರಾಮಾಗಿ ಆಯಿತು, ಆ ಸೀಬೆ ಮರದ ಹೋಟೆಲಿಗೆ ಹೋಗೋಣ ಬಾ ಎಂದರು.

ಅವತ್ತು ರೊಟ್ಟಿ ಬಂದಾಗ ಅವರು ತಿನ್ನಲಿಲ್ಲ. ಅಂಗೈಯನ್ನು ರೊಟ್ಟಿಯ ಮೇಲೆ, ಮುಟ್ಟದ ಹಾಗೆ, ಆವಿ ತಾಗುವಷ್ಟು ಹತ್ತಿರ ಹಿಡಿದರು. ಮಗುವಿನ ಜ್ವರ ನೋಡುವವರ ಹಾಗೆ.

“ಎಷ್ಟು ಬಿಸಿ ಐತೆ ನೋಡೇ.”

ಬಿಸಿ ರೊಟ್ಟಿ ಬಿಸಿ ಇರದೆ ಇನ್ನೇನಕ್ಕಾ ಎಂದು ನಾನು ರೇಗಿಸಿದೆ. ಅವರು ಒಳಗಿನ ಒಲೆಯ ಕಡೆ ಕತ್ತು ಹೊರಳಿಸಿ, ಅಲ್ಲಿ ಒಬ್ಬಳು ನನಗಾಗಿ ನಿಂತಿದ್ದಾಳೆ, ನಾನು ಕೂತಿದ್ದೇನೆ, ಇದೇ ವಿಚಿತ್ರವಾಗಿದೆ ಎಂದರು. ಬೆಣ್ಣೆ ಕರಗಿ ರೊಟ್ಟಿಯ ತೂತುಗಳಲ್ಲಿ ಇಳಿಯುವುದನ್ನು ನೋಡುತ್ತ ನೋಡುತ್ತ ತಿಂದರು.

ಆಮೇಲೆ ಒಂದು ತಾಪತ್ರಯವಾಯಿತು. ಅಕ್ಕ ಉಂಡ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದುಬಿಡುತ್ತಿದ್ದರು. ಪ್ರಸಾದದ ಒಂದು ಅಗುಳೂ ಚೆಲ್ಲಬಾರದು ಎಂಬ ಪದ್ಧತಿ. ಅವರ ಜನರಲ್ಲಿ ಹಳಬರು ಇವತ್ತಿಗೂ ಬಿಡದೆ ಪಾಲಿಸುತ್ತಾರೆ. ಕೆಫೆಯಲ್ಲಾದರೋ ರೊಟ್ಟಿ ಬಂದದ್ದು ಮರದ ಚಪ್ಪಟೆ ಹಲಗೆಯ ಮೇಲೆ, ಚಂದ ಕಾಣಲೆಂದು. ಅದಕ್ಕೆ ಅಂಚೇ ಇಲ್ಲ. ಅಕ್ಕ ಲೋಟ ಬಗ್ಗಿಸಿದರು, ನೀರು ಹಲಗೆಯಿಂದ ಮೇಜಿಗೆ, ಮೇಜಿನಿಂದ ನನ್ನ ಮಡಿಲಿಗೆ. ಕ್ಯಾಷಿನ ಗಂಡ ಬಟ್ಟೆ ಹಿಡಿದು ಓಡಿ ಬಂದ. ಅವನ ಹೆಂಡತಿ ಒಲೆ ಬಿಟ್ಟು ಬಂದು ಒಂದು ಕ್ಷಣ ನೋಡಿ ಒಳಗೆ ಹೋದಳು. ಮುಂದಿನ ವಾರ ಅಕ್ಕನ ಮುಂದೆ ಅಂಚಿರುವ ಸ್ಟೀಲ್ ತಟ್ಟೆ ಬಂತು. ತನ್ನ ಅಜ್ಜಿಯೂ ಕುಣಿಗಲ್ಲಿನಲ್ಲಿ ಹೀಗೇ ಮಾಡುತ್ತಿದ್ದರು ಎಂದಳು.

ಕುಣಿಗಲ್ ಎಂದದ್ದೇ ತಡ, ಅಕ್ಕನ ಮುಖ ಅರಳಿತು. ಅವರ ತವರೂ ಅದೇ. ಕೆರೆಯ ಕೆಳಗೆ ಅವರ ಅಪ್ಪನಿಗೆ ತುಂಡು ಗದ್ದೆ ಇತ್ತು. ಆ ಗದ್ದೆಯ ಕಥೆಯನ್ನು ನನಗೆ ಎಷ್ಟು ಭಾನುವಾರ ಹೇಳಿದರೋ ಲೆಕ್ಕವಿಲ್ಲ, ಪ್ರತಿ ಸಲವೂ ಹೊಸದಾಗಿ ಹೇಳುವವರ ಹಾಗೆ ಕಾಫಿ ಲೋಟ ಪಕ್ಕಕ್ಕೆ ಸರಿಸಿ ಶುರು ಮಾಡುತ್ತಿದ್ದರು. ಅವರ ಅವ್ವ ಉಂಬೊತ್ತಿಗೆ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಿದ್ದಳಂತೆ, ಅಕ್ಕ ಹಿಂದಿನಿಂದ ನೀರಿನ ಚೊಂಬು ಹಿಡಿದು. ಬದುವಿನ ಮೇಲೆ ಎಲ್ಲರೂ ಸಾಲಾಗಿ ಕೂರುತ್ತಿದ್ದರು. ಅವ್ವ ಅಪ್ಪನಿಗೆ ಮುದ್ದೆ ಇಕ್ಕಿ ಕೈ ಒರೆಸಿಕೊಂಡರೆ ಅಪ್ಪ ಉಣ್ಣುತ್ತಿರಲಿಲ್ಲ.

“ನಮ್ಮಪ್ಪ ಏನನ್ನೋನು ಗೊತ್ತಾ? ನೀನೂ ಕೂತ್ಕೊಳ್ಳೇ, ನಿಂದೂ ಇಕ್ಕೋ, ಒಟ್ಗೆ ಉಣ್ಣಾನ, ಅನ್ನೋನು. ಅದೇ ಅಪ್ಪ ಮನೇಲಿ ಒಬ್ನೇ ಕೂತು ಉಂಡು ಕೈ ತೊಳ್ಕೊಂಡು ಎದ್ದೋಗೋನು. ಅದೇ ಅಪ್ಪ, ಅದೇ ಅವ್ವ ಕಣೇ. ಜಾಗ ಬದ್ಲಾದ್ರೆ ಗಂಡಸ್ರ ಬುದ್ಧಿ ಬದ್ಲಾಗ್ತದೆ.”

ಈ ಕಥೆಯನ್ನು ಅವರು ಸುಮ್ಮನೆ ಹೇಳುತ್ತಿರಲಿಲ್ಲ ಎನ್ನುವುದು ನನಗೆ ತಡವಾಗಿ ಹೊಳೆಯಿತು. ಅವರಿಗೊಂದು ಆಸೆ ಇತ್ತು. ಚಿನ್ನದ್ದಲ್ಲ, ತೀರ್ಥಯಾತ್ರೆಯದ್ದಲ್ಲ. ಒಂದು ಸಲ, ಒಂದೇ ಒಂದು ಸಲ, ಯಜಮಾನರ ಎದುರಿಗೆ ಕೂತು ಬಿಸಿ ರೊಟ್ಟಿ ತಿನ್ನಬೇಕು. ಅವರ ತಟ್ಟೆಯಲ್ಲೂ ಬಿಸಿ, ತಮ್ಮ ತಟ್ಟೆಯಲ್ಲೂ ಬಿಸಿ, ಇಬ್ಬರೂ ಒಂದೇ ಹೊತ್ತಿಗೆ ಮೊದಲ ತುತ್ತು ಮುರಿಯಬೇಕು. ಮನೆಯಲ್ಲೇ ಮಾಡಬಹುದಲ್ಲ ಎಂದು ನಾನು ಕೇಳಿದೆ. ಅವರು ನನ್ನನ್ನು ಪೆದ್ದಿಯ ಹಾಗೆ ನೋಡಿದರು. ರೊಟ್ಟಿ ತಟ್ಟುವವಳು ತಿನ್ನುವುದು ಹೇಗೆ, ತಿನ್ನುವವಳು ತಟ್ಟುವುದು ಹೇಗೆ? ಹೆಂಚಿನ ಮುಂದೆ ಮೂರನೆಯವರೊಬ್ಬರು ನಿಲ್ಲದೆ ಗಂಡ ಹೆಂಡತಿ ಇಬ್ಬರಿಗೂ ಬಿಸಿ ರೊಟ್ಟಿ ಸಿಗುವುದಿಲ್ಲ. ಇಷ್ಟು ಸರಳವಾದ ಮಾತು ನನಗೆ ಯಾವತ್ತೂ ಹೊಳೆದಿರಲಿಲ್ಲ.

ನಾನು ಮದುವೆಯಾಗದೆ ಉಳಿದವಳು. “ನೀನೇ ಪುಣ್ಯವಂತೆ,” ಎಂದರು ಅಕ್ಕ ಒಮ್ಮೆ. “ನೀನೇ ತಟ್ಕೊಂಡು ನೀನೇ ಬಿಸಿಯಾಗಿ ತಿಂತೀಯ.”

“ಎದುರಿಗೆ ಯಾರಿರ್ತಾರಕ್ಕ?”

ಅವರು ತಮ್ಮ ತಟ್ಟೆಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕಡೆ ತಳ್ಳಿದರು. ಅಕ್ಕನ ಸಮಾಧಾನದ ರೀತಿ ಅದು. ಮಾತಿಗಿಂತ ಮುಂಚೆ ತುತ್ತು ಬರುತ್ತಿತ್ತು. ಆ ಭಾನುವಾರಗಳು ನನಗೆ ಏನಾಗಿದ್ದವು ಎಂದು ನಾನು ಅವರಿಗೆ ಬಾಯಿ ಬಿಟ್ಟು ಹೇಳಿದವಳಲ್ಲ. ವಾರದ ಉಳಿದ ದಿನ ನಾನು ಟಿವಿಯ ಎದುರು ಉಣ್ಣುತ್ತೇನೆ. ಇನ್ನೊಬ್ಬರ ಎದುರು ಕೂತು ಉಣ್ಣುವುದು ಎಂದರೇನೆಂದು ನನಗೆ ನೆನಪಿಸಿದವರು ಅವರು.

ಯಜಮಾನರನ್ನು ಕೆಫೆಗೆ ಕರೆತರುವುದು ಮಾತ್ರ ಸುಲಭದ ಕೆಲಸವಾಗಿರಲಿಲ್ಲ. ಅವರು ಹೋಟೆಲಿನಲ್ಲಿ ಉಣ್ಣುವವರಲ್ಲ. ಅಕ್ಕ ಮೊದಲು ಮಾತೆತ್ತಿದಾಗ ಅವರು ಹೇಳಿದ್ದು ಒಂದೇ ಮಾತು, ಅದನ್ನು ಅಕ್ಕ ಗಂಡನ ಗಡಸು ದನಿಯಲ್ಲೇ ನನಗೆ ಒಪ್ಪಿಸಿದರು: “ಹೋಟ್ಲಾಗೆ ಉಣ್ಣಾಕೆ ಮನೇಲಿ ಒಲೆ ಆರೋಗೈತಾ?”

ಅಕ್ಕ ಹಟ ಬಿಡಲಿಲ್ಲ. ಬೇಸಿಗೆಯಿಂದ ಮಾಗಿಯವರೆಗೆ ಅದೊಂದು ವ್ಯಾಜ್ಯದ ಹಾಗೆ ನಡೆಯಿತು. ಅಡುಗೆ ಮಾಡುವವರು ಯಾರೋ ಏನೋ ಎಂದರಂತೆ ಯಜಮಾನರು. ಅಕ್ಕ ಕೆಫೆಯ ಅಡುಗೆಮನೆಗೇ ನುಗ್ಗಿ, ಒಲೆಯ ಮುಂದಿನ ಹೆಣ್ಣುಮಗಳ ಹಣೆಯ ವಿಭೂತಿ, ಕೊರಳಿನ ಲಿಂಗ ಎರಡನ್ನೂ ನೋಡಿ ಬಂದು ವರದಿ ಒಪ್ಪಿಸಿದರು: ಮಾಡುವವಳು ನಮ್ಮವಳೇ, ಪೂಜೆ ಆಗದೆ ಒಲೆ ಹಚ್ಚುವುದಿಲ್ಲ. ಸರಿ, ತಟ್ಟೆ ಯಾರು ಯಾರು ಉಂಡದ್ದೋ ಎಂದರಂತೆ. ಅಕ್ಕ ತುಮಕೂರಿನ ಪಾತ್ರೆ ಅಂಗಡಿಯಿಂದ ಎತ್ತರದ ಅಂಚಿನ ಜೋಡಿ ತಟ್ಟೆ ತಂದು ಕೆಫೆಯಲ್ಲೇ ಬೇರೆ ಇಡಿಸಿದರು. ನೀರು ಎಂಥದೋ ಎಂದರಂತೆ. ಮನೆಯಿಂದಲೇ ಚೊಂಬಿನಲ್ಲಿ ತರೋಣ ಎಂದರು ಅಕ್ಕ.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನೆಲ ಸಮ ಮಾಡಿಕೊಟ್ಟೆ. ಇನ್ನೇನಂತಾರೆ ನೋಡಾನ.”

ನನಗೆ ಇದೆಲ್ಲ ಸರಿಬೀಳುತ್ತಿರಲಿಲ್ಲ. ನಾನು ಬೇರೆ ಜನ, ಕೊರಳಲ್ಲಿ ಲಿಂಗವಿಲ್ಲ, ಹಣೆಯಲ್ಲಿ ವಿಭೂತಿಯಿಲ್ಲ. ನನ್ನ ಜೊತೆ ಪ್ರತಿ ವಾರ ಒಂದೇ ಬಟ್ಟಲಿನ ಚಟ್ನಿ ತಿನ್ನುತ್ತೀರಲ್ಲ, ಅದು ನಡೆಯುತ್ತದೋ ಎಂದು ಸ್ವಲ್ಪ ಖಾರವಾಗಿಯೇ ಕೇಳಿದ್ದೆ. ಅಕ್ಕನಿಗೆ ಸಿಟ್ಟು ಬರಲಿಲ್ಲ.

“ಅವ್ರು ಕೇಳ್ತಾರೆ, ನಾನು ಕೇಳಲ್ಲ. ಶಿವ ಏನು ಕೇಳ್ತಾನೆ ಅಂತ ಇಬ್ರಿಗೂ ಗೊತ್ತಿಲ್ಲ. ಇರ್ಲಿ ಬುಡು.”

‘ಇರ್ಲಿ ಬುಡು’ ಅವರ ಮಾತಿನ ಮುದ್ರೆ. ಸಾಹೇಬರು ಬೈದರೂ ಇರ್ಲಿ ಬುಡು, ರೈಲು ತಪ್ಪಿದರೂ ಇರ್ಲಿ ಬುಡು. ಆದರೆ ಈ ಒಂದು ವಿಷಯವನ್ನು ಮಾತ್ರ ಅವರು ಇರ್ಲಿ ಎಂದು ಬಿಟ್ಟಿರಲಿಲ್ಲ.

ಕೊನೆಗೂ ನೆವಗಳು ಮುಗಿದವು. ಮಾಗಿಯ ಒಂದು ಭಾನುವಾರ ಬರುವುದೆಂದು ನಿಶ್ಚಯವಾಯಿತು. ಗಂಡ ಹೆಂಡತಿಯ ನಡುವೆ ನನಗೇನು ಕೆಲಸ ಎಂದು ನಾನು ಜಾರಿಕೊಳ್ಳಲು ನೋಡಿದರೆ ಅಕ್ಕ ಬಿಡಲಿಲ್ಲ. ಮೂಲೆಯ ಮೇಜಿನಲ್ಲಿ ಕೂತಿರು, ನಮ್ಮನ್ನು ನೋಡಬೇಡ, ಆದರೆ ಇರು ಎಂದರು. ಹೆಣ್ಣು ನೋಡಲು ಬರುವ ದಿನ ಗೆಳತಿಯನ್ನು ಕರೆಯುವ ಹುಡುಗಿಯ ಹಾಗೆ ಅವರ ದನಿ ಸಣ್ಣಗಾಗಿತ್ತು. ಅವರಿಗೆ ಆಗ ಅರವತ್ತು ದಾಟಿ ಕೆಲವು ವರ್ಷ.

ಅವತ್ತು ಅಕ್ಕ ಅರಿಶಿನ ಬಣ್ಣದ ಸೀರೆ ಉಟ್ಟಿದ್ದರು. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹಣೆಗೆ ಅಡ್ಡ ವಿಭೂತಿ. ಕೈಯಲ್ಲಿ ನೀರಿನ ಚೊಂಬು. ಕುರ್ಚಿಯನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ ಕೂತರು. ಅಕ್ಕ ಎದುರಿನ ಕುರ್ಚಿಯ ತುದಿಯಲ್ಲಿ ಕೂತರು. ಕೆಫೆಯ ಹೆಣ್ಣುಮಗಳಿಗೆ ಎಲ್ಲ ಗೊತ್ತಿತ್ತು. ಎರಡು ಹೆಂಚು ಒಟ್ಟಿಗೆ ಕಾಯಿಸಿ, ಎರಡು ರೊಟ್ಟಿ ಒಟ್ಟಿಗೆ ತೆಗೆದು, ಜೋಡಿ ತಟ್ಟೆಯಲ್ಲಿ ಎರಡು ಕೈಯಲ್ಲಿ ತಾನೇ ತಂದು ಇಟ್ಟಳು. ಎರಡರ ಮೇಲೂ ಬೆಣ್ಣೆ. ಎರಡರಿಂದಲೂ ಆವಿ.

ನೋಡಬೇಡ ಎಂದಿದ್ದರು. ನೋಡದೆ ಇರುವುದು ಹೇಗೆ?

ಯಜಮಾನರು ಕಣ್ಣು ಮುಚ್ಚಿ ಕೈಯನ್ನು ಎದೆಯ ಲಿಂಗಕ್ಕೆ ಮುಟ್ಟಿಸಿದರು. ಅಕ್ಕನೂ ಮುಟ್ಟಿಸಿದರು. ಯಜಮಾನರು ರೊಟ್ಟಿ ಮುರಿದು, ಚಟ್ನಿಗಾಗಿ ಬಟ್ಟಲಿನ ಕಡೆ ಒಂದು ಸಲ ಕಣ್ಣು ಹಾಯಿಸಿದರು. ಅಷ್ಟೇ. ಕೇಳಲಿಲ್ಲ, ಬೇಕು ಎನ್ನಲಿಲ್ಲ. ಅಕ್ಕ ಎದ್ದು ನಿಂತರು. ಸೆರಗು ಸೊಂಟಕ್ಕೆ ಹೋಯಿತು. ಬಟ್ಟಲು ಎತ್ತಿ ಚಟ್ನಿ ಬಡಿಸಿದರು. ಬೆಣ್ಣೆ ಸಾಲದೆಂದು ಬೆಣ್ಣೆ ಹಾಕಿದರು. ಒಲೆಯ ಕಡೆ ತಿರುಗಿ, ಇನ್ನೊಂದು ಸ್ವಲ್ಪ ಗರಿಯಾಗಿ ಬರಲಿ ಎಂದು ಕೂಗಿ ಹೇಳಿದರು. ಅದು ಬಂದಾಗ ಮಗುಚಿ ಹಾಕಿದರು. ಲೋಟಕ್ಕೆ ಚೊಂಬಿನಿಂದ ನೀರು ಬಗ್ಗಿಸಿದರು. ಯಜಮಾನರ ಪಕ್ಕದಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಅವರ ತಟ್ಟೆಯನ್ನೇ ನೋಡುತ್ತ ನಿಂತರು.

ನಾನು ಮೂಲೆಯಿಂದ ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೈಯಲ್ಲಿ ಎಷ್ಟು ಸನ್ನೆ ಮಾಡಿದರೂ ಅವರು ನೋಡಲಿಲ್ಲ. ಒಲೆಯ ಮುಂದಿನವಳು ಬಾಗಿಲಿಗೆ ಬಂದು ನಿಂತಳು. ಅವಳ ಮುಖವೂ ನನ್ನ ಮುಖದ ಹಾಗೇ ಆಗಿತ್ತು. ಅಕ್ಕನ ತಟ್ಟೆಯ ಆವಿ ತೆಳ್ಳಗಾಗಿ ನಿಂತುಹೋಯಿತು. ಕರಗಿದ ಬೆಣ್ಣೆ ಮಾಗಿಯ ಗಾಳಿಗೆ ಮತ್ತೆ ಬೆಳ್ಳಗೆ ಹೆಪ್ಪುಗಟ್ಟಿತು.

ಯಜಮಾನರು ತಲೆ ಎತ್ತದೆ ಉಂಡರು, ತಟ್ಟೆ ತೊಳೆದು ಕುಡಿದರು, ರೊಟ್ಟಿ ಪರವಾಗಿಲ್ಲ ಎಂದರು. ಆಗ ಅಕ್ಕನಿಗೆ ತಮ್ಮ ತಟ್ಟೆ ಕಂಡಿತು. ತಾವು ನಿಂತಿರುವುದೂ ಕಂಡಿತು. ತಿರುಗಿ ನನ್ನನ್ನು ನೋಡಿ ನಕ್ಕರು. ಸಣ್ಣಗೆ ಶುರುವಾದ ನಗೆ ತಡೆಯಲಾರದೆ, ಕುರ್ಚಿಯ ಬೆನ್ನು ಹಿಡಿದುಕೊಂಡು ಕೂತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವವರೆಗೆ ನಕ್ಕರು. ಯಜಮಾನರು ಕಕ್ಕಾಬಿಕ್ಕಿಯಾಗಿ ಯಾಕೆ ಎಂದು ಕೇಳಿದರು. ಏನಿಲ್ಲ ಎಂದು ಹೇಳಿ ಅಕ್ಕ ಆರಿದ ರೊಟ್ಟಿ ತಿಂದರು. ಪೂರ್ತಿ ತಿಂದು, ತಟ್ಟೆ ತೊಳೆದು ಕುಡಿದರು.

ಸಂಜೆ ನನ್ನ ಮನೆಗೆ ಬಂದರು. ಗಂಡಸರ ಬುದ್ಧಿ ಜಾಗ ಬದಲಾದರೆ ಬದಲಾಗುತ್ತದೆ ಎಂದಿದ್ದೆನಲ್ಲ, ನನ್ನ ಬುದ್ಧಿಯ ವಿಷಯ ನಾನು ಯೋಚಿಸಲೇ ಇಲ್ಲ ನೋಡು ಎಂದು ಮತ್ತೆ ನಕ್ಕರು. ಯಜಮಾನರಿಗೆ ಆಸೆಯ ವಿಷಯ ಹೇಳಿಬಿಡಿ, ಕೂತ್ಕೋ ಎಂದು ಅವರೇ ಹೇಳಲಿ ಎಂದೆ. ಅಕ್ಕ ತಲೆ ಅಲ್ಲಾಡಿಸಿದರು.

“ಕೇಳಿ ಹೇಳಿಸ್ಕೊಂಡ್ರೆ ಅದು ನಮ್ಮಪ್ಪ ಹೇಳ್ದಂಗಾಗ್ತದಾ? ಮುಂದಿನ್ ವಾರ ಬರ್ತಾರಂತೆ, ಒಪ್ಕೊಂಡವ್ರೆ. ನೀನು ಒಂದು ಹಗ್ಗ ತಾ. ನನ್ನ ಕುರ್ಚಿಗೆ ಕಟ್ಟಾಕು.”

ಮುಂದಿನ ವಾರ ಬಂತು. ಅಷ್ಟರಲ್ಲಿ ಅಕ್ಕ ಆಸ್ಪತ್ರೆಯಲ್ಲಿದ್ದರು. ಪೂಜೆಗೆ ಕೂತವರು ಎದೆ ಹಿಡಿದುಕೊಂಡು ವಾಲಿದರಂತೆ. ಎರಡು ದಿನ ಕಣ್ಣು ಬಿಡಲಿಲ್ಲ, ಮೂರನೆಯ ದಿನ ಹೋಗಿಬಿಟ್ಟರು. ಇದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಆಗುವುದಿಲ್ಲ.

ಅಕ್ಕನ ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಊಟವಾದ ಮೇಲೆ ನೆಂಟರೆಲ್ಲ ಚದುರಿದ್ದರು. ಯಜಮಾನರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಹೊರಟಿದ್ದ ನನ್ನನ್ನು ಕೈ ಸನ್ನೆಯಲ್ಲಿ ಕರೆದರು.

“ಒಂದು ಮಾತು ಕೇಳ್ತೀನಿ ತಾಯಿ. ಅವತ್ತು ಹೋಟ್ಲಾಗೆ ಅವ್ಳು ಯಾಕೆ ಅಷ್ಟೊಂದು ನಕ್ಲು?”

ಏನು ಹೇಳುವುದು? ಅಕ್ಕ ಏನಿಲ್ಲ ಎಂದಿದ್ದರು. ನಾನೂ ಏನಿಲ್ಲ ಎಂದು ಬರಬಹುದಿತ್ತು. ಆದರೆ ಆ ಮನುಷ್ಯ ಅವತ್ತಿನಿಂದ ಆ ನಗೆಯನ್ನು ಹೊತ್ತು ತಿರುಗುತ್ತಿದ್ದಾರೆ, ತಮ್ಮನ್ನೇ ನೋಡಿ ನಕ್ಕಳೋ ಎಂದು ಬೇಯುತ್ತಿದ್ದಾರೆ ಎಂದು ಅವರ ಮುಖ ಹೇಳುತ್ತಿತ್ತು. ಎದುರಿಗೆ ಕೂತು ಎಲ್ಲ ಹೇಳಿದೆ. ಕೆರೆಯ ಕೆಳಗಿನ ಗದ್ದೆ, ಅಕ್ಕನ ಅಪ್ಪ ಹೇಳುತ್ತಿದ್ದ ಮಾತು, ಜೋಡಿ ತಟ್ಟೆ, ಇಬ್ಬರಿಗೂ ಬಿಸಿ, ಕೊನೆಗೆ ಹಗ್ಗ. ಅವರು ತಲೆ ಬಗ್ಗಿಸಿಕೊಂಡು ಕೇಳಿದರು, ಉಣ್ಣುವಾಗ ಕೂರುವ ಹಾಗೆ. ನಾನು ಮುಗಿಸಿದ ಮೇಲೂ ತಲೆ ಎತ್ತಲಿಲ್ಲ.

“ಒಂದು ಮಾತು ಅಂದಿದ್ರೆ,” ಎಂದರು ಆಮೇಲೆ. ಅಕ್ಕ ಅಂದಿದ್ದರೆ ಎಂದೋ, ತಾವು ಅಂದಿದ್ದರೆ ಎಂದೋ, ನಾನು ಕೇಳಲಿಲ್ಲ.

ಬಹಳ ಭಾನುವಾರ ನಾನು ಆ ಕಡೆ ಸುಳಿಯಲಿಲ್ಲ. ಗೇಟಿನ ಹಲಗೆ ನೋಡಿದರೆ ಸಂಕಟವಾಗುತ್ತಿತ್ತು. ಆದರೆ ಕಾಲು ಕೇಳಬೇಕಲ್ಲ. ಸೀಬೆ ಮರ ಹೂ ಬಿಡುವ ಹೊತ್ತಿಗೆ ಒಂದು ದಿನ ಅದು ನನ್ನನ್ನು ಅಲ್ಲಿಗೇ ತಂದು ನಿಲ್ಲಿಸಿತು. ನಮ್ಮ ಮಾಮೂಲಿ ಮೇಜಿನಲ್ಲಿ ಕೂತೆ. ಒಲೆಯ ಮುಂದಿನವಳು ಬಂದು ಹೆಗಲ ಮೇಲೆ ಕೈಯಿಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದಾಯಿತು. ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವಲು. ಕೈಯಲ್ಲಿ ಚೊಂಬು ಇರಲಿಲ್ಲ.

ಯಜಮಾನರು ನೇರವಾಗಿ ಬಂದು, ಕುರ್ಚಿ ಒರೆಸದೆ, ನನ್ನ ಎದುರಿಗೆ ಕೂತರು. ಮೊದಲ ರೊಟ್ಟಿ ಸಿದ್ಧವಾಯಿತು. ಕೆಫೆಯವಳು ಗೂಡಿನಿಂದ ಜೋಡಿ ತಟ್ಟೆ ಇಳಿಸಿ, ಒಂದರಲ್ಲಿ ರೊಟ್ಟಿ ಹಾಕಿ ತಂದಳು. ಇನ್ನೊಂದನ್ನು ಏನು ಮಾಡಬೇಕೆಂದು ತೋಚದೆ ಎದೆಗೆ ಆನಿಸಿಕೊಂಡು ನಿಂತಳು. ಯಜಮಾನರು ಅದನ್ನು ಇಸಿದುಕೊಂಡು ನನ್ನ ಮುಂದೆ ಇಟ್ಟರು.

ಅವರ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ಚಟ್ನಿಯ ಬಟ್ಟಲು ನನ್ನ ಕಡೆ ಇತ್ತು. ವಯಸ್ಸಾದವರು, ಮನೆಯಲ್ಲಿ ಬಡಿಸುವವರಿಲ್ಲದವರು. ನಾನೂ ಹೆಂಗಸೇ ತಾನೇ, ಯೋಚನೆಗೆ ಮುಂಚೆ ಎದ್ದು ನಿಂತು ಬಟ್ಟಲಿಗೆ ಕೈ ಹಾಕಿದೆ.

“ಕೂತ್ಕೊ,” ಎಂದರು.

ತಾಯಿ ಎನ್ನಲಿಲ್ಲ, ಬಹುವಚನ ಹಚ್ಚಲಿಲ್ಲ. ನನ್ನನ್ನು ನೋಡುತ್ತಲೂ ಇರಲಿಲ್ಲ. ನನ್ನ ಹಿಂದೆ ಖಾಲಿಯಾದ ಕುರ್ಚಿಯನ್ನು ನೋಡುತ್ತಿದ್ದರು. ಅದು ನನಗೆ ಹೇಳಿದ ಮಾತಲ್ಲ. ಆದರೂ ಕೂತೆ. ಯಾರಾದರೂ ಕೂರಬೇಕಿತ್ತು.

“ನಿಂದೂ ಬರ್ಲಿ. ಒಟ್ಗೆ ಉಣ್ಣಾನ.”

ಅವತ್ತು ಜನ ಹೆಚ್ಚಿದ್ದರು, ನನ್ನ ರೊಟ್ಟಿ ತಡವಾಯಿತು. ಅವರು ಕೈ ಮಡಿಲಲ್ಲಿಟ್ಟುಕೊಂಡು ಕಾದರು. ಅವರ ತಟ್ಟೆಯ ಆವಿ ನಿಂತಿತು. ಬೆಣ್ಣೆ ಬೆಳ್ಳಗಾಯಿತು. ನನ್ನದು ಬಿಸಿಬಿಸಿಯಾಗಿ ಬಂದಾಗ ಕೆಫೆಯವಳು ಅವರ ಆರಿದ ರೊಟ್ಟಿ ನೋಡಿ, ಬೇರೆ ತರುತ್ತೇನೆ ಎಂದು ತಟ್ಟೆಗೆ ಕೈ ಹಾಕಿದಳು. ಯಜಮಾನರು ಅಂಚು ಬಿಗಿಯಾಗಿ ಹಿಡಿದುಕೊಂಡರು.

“ಇರ್ಲಿ ಬುಡವ್ವ,” ಎಂದು, ಆರಿದ ರೊಟ್ಟಿಯನ್ನೇ ಮುರಿದರು.